ಮಾರ್ಲಿನ್ 336 ಕ್ಲಾಸಿಕ್: ಹೊಟ್ಟೆಯೊಳಗೆ ಏನಿದೆಯೆಂದು ಹೇಳದ ಕೋವಿ

ಕೊಡಗಿನ ಜೋಡುನಳಿಗೆ ಕೋವಿಯನ್ನು ಮಡಿಸಿ ಹಿಡಿದರೆ ತೋಟಾ ಇದೆಯೋ ಇಲ್ಲವೋ ಆ ಎರಡು ತೂತುಗಳೇ ಹೇಳಿಬಿಡುತ್ತವೆ. ಲೀವರ್ ರೈಫಲ್, ಅಂದರೆ ಟ್ರಿಗರಿನ ಸುತ್ತಲಿನ ಸನ್ನೆಯನ್ನು ಎಳೆದು ತೋಟಾ ಏರಿಸುವ ಮಾರ್ಲಿನ್ 336ರಂಥ ಕೋವಿ, ಹಾಗಲ್ಲ. ತೋಟಾಗಳು ನಳಿಗೆಯ ಅಡಿಯಲ್ಲಿರುವ ಕೊಳವೆಯೊಳಗೆ ಸಾಲಾಗಿ ಮಲಗಿರುತ್ತವೆ, ಹೊರಗಿನಿಂದ ಒಂದೂ ಕಾಣದು. ಊರಿನಲ್ಲಿ ಕೋವಿ ಬಳಸಿ ಗೊತ್ತಿದ್ದು, ಅಮೆರಿಕದಲ್ಲಿ ಜಿಂಕೆ ಬೇಟೆಯ ಪರವಾನಗಿ ಪಡೆದವರು 336 ಕೊಳ್ಳುವ ಮುನ್ನ ಮೊದಲು ಅರಿಯಬೇಕಾದದ್ದು ಇದನ್ನೇ.

336 ಮಾದರಿ ಬಂದದ್ದು 1948ರಲ್ಲಿ. 2020ರಲ್ಲಿ ಮಾರ್ಲಿನ್ ಹೆಸರನ್ನು ರೂಗರ್ ಎಂಬ ಕೋವಿ ಕಂಪನಿ ಕೊಂಡಿತು; ಅವರು ತಯಾರಿಸಿದ 336 ಕ್ಲಾಸಿಕ್ 2023ರಲ್ಲಿ ಮಾರುಕಟ್ಟೆಗೆ ಇಳಿಯಿತು. 30-30 ತೋಟಾ, 20.25 ಇಂಚಿನ ನಳಿಗೆ, ಸುಮಾರು ಏಳೂವರೆ ಪೌಂಡ್ ತೂಕ, ಕೊಳವೆಯಲ್ಲಿ ಆರು ತೋಟಾ. ವಾಲ್ನಟ್ ಮರದ ಹಿಡಿ ನೋಡಲೂ ಚೆಂದ, ಕೈಗೂ ಚೆಂದ. ಈಡು ಹಾರಿದ ಮೇಲೆ ಉಳಿಯುವ ಚಿಪ್ಪು, ಅಂದರೆ ಖಾಲಿ ಕೇಸು, ಮೇಲಕ್ಕಲ್ಲ, ಬಲಕ್ಕೆ ಚಿಮ್ಮುತ್ತದೆ. ಹಾಗಾಗಿ ದುರ್ಬೀನನ್ನು ನೇರವಾಗಿ ನೆತ್ತಿಯ ಮೇಲೆ, ತಗ್ಗಾಗಿ ಕೂರಿಸಬಹುದು. ಹಳೆಯ ವಿಂಚೆಸ್ಟರ್ 94ರಲ್ಲಿ ಈ ಅನುಕೂಲವಿಲ್ಲ. ಆದರೆ 336ಕ್ಕೆ ದುರ್ಬೀನು ಹಾಕಿದ ಮೇಲೆ ಹ್ಯಾಮರ್, ಅಂದರೆ ಈಡು ಹಾರಿಸಲು ಹಿಂದಕ್ಕೆ ಎಳೆದಿಡುವ ಕುದುರೆ, ಹೆಬ್ಬೆರಳಿಗೆ ಸಿಗುವುದು ಕಷ್ಟ. ಪಕ್ಕಕ್ಕೆ ಚಾಚುವ ಸಣ್ಣ ತುಂಡನ್ನು ಅದಕ್ಕೆ ಸಿಕ್ಕಿಸಿಕೊಳ್ಳಬೇಕು.

ತೋಟಾ ಆರಿಸುವಾಗ ಗುಂಡಿನ ತೂಕಕ್ಕಿಂತ ಮೊದಲು ಮೂತಿ ನೋಡಿ. ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ಪ್ರೈಮರಿಗೆ, ಅಂದರೆ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಬಟ್ಟಲಿಗೆ, ತಾಗಿಕೊಂಡಿರುತ್ತದೆ. ಗಟ್ಟಿ ಲೋಹದ ಚೂಪು ಮೂತಿಯಾದರೆ ಈಡು ಹಾರಿದಾಗಿನ ಒದೆತಕ್ಕೆ ಅದು ಪ್ರೈಮರನ್ನು ಕುಟ್ಟಿ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಅಥವಾ ದುಂಡು ಮೂತಿಯ 150, 170 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡುಗಳೇ ವಾಡಿಕೆ. ಹಾರ್ನಡಿಯ ಲೆವರೆವೊಲ್ಯೂಷನ್ 160 ಗ್ರೇನ್ ಗುಂಡು ಚೂಪಾಗಿದ್ದರೂ ತುದಿ ಮೆತ್ತಗಿನದು, ಅದಕ್ಕೆ ಅಭ್ಯಂತರವಿಲ್ಲ.

150 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2390 ಅಡಿ ವೇಗದಲ್ಲಿ ಹೊರಡುತ್ತದೆ. 100 ಗಜಕ್ಕೆ ಗುರಿ ಕೂರಿಸಿದರೆ 200 ಗಜದಲ್ಲಿ ಸುಮಾರು 8 ಇಂಚು ಕೆಳಗೆ ಬೀಳುತ್ತದೆ. ಬಿಳಿಬಾಲದ ಜಿಂಕೆಗೆ 150 ಗಜದೊಳಗೆ ಇದು ಧಾರಾಳ ಸಾಕು, ಆಚೆಗೆ ಬೇರೆ ಕೋವಿ ಹಿಡಿಯುವುದು ಲೇಸು. ಪೊದೆ ಸೀಳಿಕೊಂಡು ಹೋಗುವ ಗುಂಡು ಎಂಬ ಮಾತನ್ನು ನಂಬಬೇಡಿ, ಕಡ್ಡಿ ತಾಗಿದರೆ ಯಾವ ಗುಂಡೂ ದಿಕ್ಕು ತಪ್ಪುತ್ತದೆ. ಓಹಾಯೋದಲ್ಲಿ ಜಿಂಕೆಗೆ ರೈಫಲ್ ಹಿಡಿದರೆ ನೇರ ಗೋಡೆಯ ಕೇಸಿನ ತೋಟಾ ಮಾತ್ರ. ಕುತ್ತಿಗೆ ಕಿರಿದಾದ 30-30 ಅಲ್ಲಿ ನಡೆಯದು.

ಭರ್ತಿ ಮಾಡುವಾಗ ತೋಟಾವನ್ನು ಪೂರ್ತಿ ಒಳಗೆ ತಳ್ಳದೆ ತುದಿ ಉಳಿಸಿ, ಮುಂದಿನದರಿಂದ ಅದನ್ನು ನೂಕಿ. ಹೀಗೆ ಮಾಡಿದರೆ ಹೆಬ್ಬೆರಳು ಗೇಟಿಗೆ, ಅಂದರೆ ತೋಟಾ ತುಂಬುವ ಪಕ್ಕದ ಬಾಗಿಲಿಗೆ, ಸಿಕ್ಕಿ ನೋಯುವುದಿಲ್ಲ. ಲೀವರನ್ನು ಹಿಂಜರಿಯುತ್ತ ಅರ್ಧಕ್ಕೆ ಎಳೆದರೆ ಖಾಲಿ ಕೇಸು ಹೊರಬೀಳದೆ ಹೊಸದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸಬರು ಕೋವಿಯ ಮೇಲೆ ಹಾಕುವ ದೂರುಗಳಲ್ಲಿ ಹೆಚ್ಚಿನವು ಈ ಅರ್ಧ ಎಳೆತದ್ದೇ. ಕೊನೆಯವರೆಗೆ ಎಳೆದು, ಅಷ್ಟೇ ಬಿಗಿಯಾಗಿ ಮುಚ್ಚಿ.

ಖಾಲಿ ಮಾಡುವುದೇ ಇದರ ಬೇಸರದ ಕೆಲಸ. ಸೇಫ್ಟಿ ಗುಂಡಿ ಒತ್ತಿ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಲೀವರ್ ಆಡಿಸುತ್ತ ಪ್ರತಿಯೊಂದು ತೋಟಾವನ್ನೂ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿನ) ಮೂಲಕವೇ ಹೊರಗೆ ತೆಗೆಯಬೇಕು. ಎಣಿಸಿ. ಎಣಿಕೆ ಮುಗಿದ ಮೇಲೂ ಎರಡು ಸಲ ಲೀವರ್ ಆಡಿಸಿ, ಚೇಂಬರಿಗೆ ಬೆರಳಿಟ್ಟು ನೋಡಿ, ಗೇಟ್ ಒತ್ತಿ ಕೊಳವೆಯ ಬಾಯಿಯನ್ನೂ ಇಣುಕಿ. ಕೊಳವೆಯಲ್ಲಿ ಕೊಳೆ, ತುಕ್ಕು ಇದ್ದರೆ ಒಂದು ತೋಟಾ ಅಂಟಿ ಕೂತು, ಆಮೇಲೆ ಸಡಿಲಾಗಿ ಕೆಳಗಿಳಿಯಬಹುದು. ತೋಟಾ ಒಳಗಿರುವಾಗ ಹ್ಯಾಮರನ್ನು ಹೆಬ್ಬೆರಳಿನಿಂದ ಇಳಿಸಲೇಬೇಕಾದರೆ ಸೇಫ್ಟಿ ಹಾಕಿಯೇ ಇಳಿಸಿ. ಚಳಿಗೆ ಮರಗಟ್ಟಿದ ಬೆರಳು ಜಾರುವುದು ಹೊಸತಲ್ಲ. ಇದೇ ಸೇಫ್ಟಿಯನ್ನು ತೆಗೆಯಲು ಮರೆತರೆ ಹ್ಯಾಮರ್ ಟಕ್ಕೆಂದು ಬೀಳುತ್ತದೆ, ಈಡು ಹಾರುವುದಿಲ್ಲ, ಜಿಂಕೆ ಮಾತ್ರ ಹಾರುತ್ತದೆ.

ಶುಚಿ ಮಾಡುವುದು ಸುಲಭ. ಲೀವರನ್ನು ಅರ್ಧ ತೆರೆದು ಅದರ ಒಂದೇ ಸ್ಕ್ರೂ ಬಿಚ್ಚಿದರೆ ಲೀವರ್, ಹಿಂದೆಯೇ ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ಭಾಗ) ಹೊರಬರುತ್ತವೆ. ಹಿಂದಿನಿಂದಲೇ ನಳಿಗೆ ಉಜ್ಜಬಹುದು. ಎಡಗೋಡೆಯಲ್ಲಿರುವ ಎಜೆಕ್ಟರ್, ಅಂದರೆ ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ತುಂಡು, ಸದ್ದಿಲ್ಲದೆ ಉದುರುತ್ತದೆ, ಕೆಳಗೆ ಬಟ್ಟೆ ಹಾಸಿಕೊಳ್ಳಿ. ಮರಳಿ ಜೋಡಿಸುವಾಗ ಬೋಲ್ಟಿಗಿಂತ ಮೊದಲು ಅದನ್ನೇ ಅದರ ಜಾಗದಲ್ಲಿ ಕೂರಿಸಬೇಕು.