ಪೆನ್‌ರೋಸ್ ಮನೆತನ ಹುಡುಕಿದ ಕಥೆ: ಚಂದಾ ಸೈಟಾ, ಪುಕ್ಕಟೆ ಪಟ್ಟಿಯಾ?

ಇಂಗ್ಲೆಂಡಿನ ಹಳೇ ದಾಖಲೆಗಳಲ್ಲಿ ಹಿರೀಕರನ್ನು ಹುಡುಕಲು ಚಂದಾ ಕಟ್ಟುವ ಸೈಟು ಬೇಕಾ, ಪುಕ್ಕಟೆ ಜನನ ಪಟ್ಟಿ ಸಾಕಾ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪುಕ್ಕಟೆ ಪಟ್ಟಿಗೇ. ಹನ್ನೆರಡೂವರೆ ಪೌಂಡ್ ನೀರಿಗೆ ಹಾಕಿದ ಮೇಲೆ ಬಂದ ಬುದ್ಧಿ ಇದು.

ಕೆಜಿಎಫ್‌ನ ನನ್ನ ಗೆಳೆಯನ ಅಡ್ಡಹೆಸರು ಪೆನ್‌ರೋಸ್. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗೆ ಕೈಹಾಕಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರಲ್ವಾ, ಇವನ ಅಜ್ಜನ ಅಜ್ಜ ಅವರಲ್ಲೊಬ್ಬ. ಅಲ್ಲಿ 1860ರ ದಶಕದಲ್ಲೇ ತಾಮ್ರದ ಬೆಲೆ ನೆಲಕಚ್ಚಿತ್ತು. ನಮಗೆ ಗೊತ್ತಿದ್ದದ್ದು ಇಷ್ಟೇ: ಕ್ಯಾಂಬೋರ್ನ್ ಕಡೆಯವನು, ಹುಟ್ಟಿದ್ದು 1861ರ ಆಸುಪಾಸು, ತಾಯಿಯ ತವರಿನ ಹೆಸರು ರೋಜರ್ಸ್. ಕೊನೆಯದು ಮನೆಯ ಹಳೇ ಬೈಬಲ್‌ನಲ್ಲಿತ್ತು.

ಒಂದು ತಿಂಗಳ ಚಂದಾ ಕಟ್ಟಿ ಒಂದು ದೊಡ್ಡ ಸೈಟಿಗೆ ಸೇರಿದೆ. ಜನಗಣತಿಯ ಹಾಳೆಗಳು ಕಣ್ಣಿಗೆ ಹಬ್ಬ. 1871ರ ಗಣತಿಯಲ್ಲಿ ಹುಡುಗ ಸಿಕ್ಕಿಯೇಬಿಟ್ಟ, ತಾಯಿ ಮೇರಿ. ಜನನದ ಪಟ್ಟಿಯಲ್ಲೂ ಹೆಸರು ಇತ್ತು: ಕ್ಯಾಂಬೋರ್ನ್ ಸೇರಿದ್ದ ರೆಡ್ರೂತ್ ಜಿಲ್ಲೆ. ಖುಷಿಯಲ್ಲಿ ಹನ್ನೆರಡೂವರೆ ಪೌಂಡ್ ಕೊಟ್ಟು ಕಾಗದದ ಜನನ ಪತ್ರ ತರಿಸಿದೆ. ಬಂತು. ತಾಯಿ ಮೇರಿಯೇ, ಆದರೆ ತವರು ಬೇರೆ! ಅದೇ ಜಿಲ್ಲೆಯಲ್ಲಿ, ಅದೇ ವರ್ಷ, ಅದೇ ಹೆಸರಿನ ಇನ್ನೊಬ್ಬ ಹುಡುಗ.

ತೊಡಕು ಇರುವುದು ಇಲ್ಲೇ. ಆ ಸೈಟಿನಲ್ಲಿದ್ದದ್ದು ಹಳೇ ಪಟ್ಟಿ. ಅದರಲ್ಲಿ ತಾಯಿಯ ತವರಿನ ಹೆಸರು ಬರುವುದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ ಮಾತ್ರ. ಗಣತಿಯವರಂತೂ ಅದನ್ನು ಕೇಳುತ್ತಲೇ ಇರಲಿಲ್ಲ. ಇತ್ತ ಜನನ ಮರಣ ನೋಂದಣಿಯ ಸರ್ಕಾರಿ ಕಚೇರಿ, ಜನರಲ್ ರಿಜಿಸ್ಟರ್ ಆಫೀಸಿನವರು ತಮ್ಮದೇ ಹೊಸ ಪಟ್ಟಿ ಮಾಡಿ, 1837ರಿಂದಲೇ ತವರಿನ ಹೆಸರು ಸೇರಿಸಿದ್ದಾರೆ. ಹುಡುಕಲು ಕಾಸಿಲ್ಲ, ಒಂದು ಖಾತೆ ತೆರೆದರೆ ಸಾಕು. ನಾನು ಸುಮ್ನೆ ಚಂದಾ ಕಟ್ಟಿ ಕೂತಿದ್ದೆ! ಪೆನ್‌ರೋಸ್, ರೋಜರ್ಸ್ ಎಂದು ಒತ್ತಿದೆ. ಒಂದೇ ಸಾಲು ಬಂತು.

ಅದರಲ್ಲೂ ಕಿರಿಕಿರಿ ಇದೆ. ಗಂಡೋ ಹೆಣ್ಣೋ ಹೇಳಲೇಬೇಕು, ವರ್ಷವನ್ನು ಹಿಂದೆ ಮುಂದೆ ಎರಡಕ್ಕಿಂತ ಜಾಸ್ತಿ ಎಳೆಯಲಾಗದು. ಮದುವೆಗಳು ಅಲ್ಲಿಲ್ಲ. ಅದಕ್ಕೆ ಸ್ವಯಂಸೇವಕರು ನಡೆಸುವ ಫ್ರೀಬಿಎಂಡಿ ಎಂಬ ಪುಕ್ಕಟೆ ಸೈಟು ಇದೆ: ಪುಟಸಂಖ್ಯೆ ಒತ್ತಿದರೆ ಆ ಪುಟದಲ್ಲಿ ಮದುವೆ ದಾಖಲಾದ ಗಂಡು ಹೆಣ್ಣುಗಳೆಲ್ಲ ಒಟ್ಟಿಗೆ ಬರುತ್ತಾರೆ. 1881ರ ಗಣತಿ ಫ್ಯಾಮಿಲಿಸರ್ಚ್ ಎಂಬ ಸೈಟಿನಲ್ಲಿ ಪುಕ್ಕಟೆ.

ಇನ್ನು ಅಡ್ಡಹೆಸರಿನ ಲಾಂಛನ, ಅಂದರೆ ಗುರಾಣಿಯ ಮೇಲಿನ ಚಿಹ್ನೆ, ಎಂದು ಚೌಕಟ್ಟು ಹಾಕಿ ಮಾರುತ್ತಾರೆ. ಬೇಡವೇ ಬೇಡ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ವ್ಯಕ್ತಿಗೆ, ಅವನ ವಂಶಕ್ಕೆ, ಅಡ್ಡಹೆಸರಿಗಲ್ಲ. ಪೆನ್‌ರೋಸ್ ಊರಿನಿಂದ ಬಂದ ಹೆಸರು. ಕಾರ್ನಿಶ್ ಭಾಷೆಯಲ್ಲಿ ಪೆನ್ ಅಂದರೆ ತುದಿ, ರೋಸ್ ಅಂದರೆ ಕುರುಚಲು ಬಯಲು. ಅಂಥ ಊರುಗಳು ಅಲ್ಲಿ ಹಲವು. ನಮ್ಮಲ್ಲಿ ಹೊಸಹಳ್ಳಿಯವರೆಲ್ಲ ನೆಂಟರೇ?

ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕೂರುವ ನನ್ನಂಥವನಿಗೆ ಚಂದಾ ದಂಡ. ಒಂದೇ ವಾರಾಂತ್ಯದಲ್ಲಿ ಗಣತಿಯನ್ನೆಲ್ಲ ಜಾಲಾಡುವವರು ಒಂದು ತಿಂಗಳಿಗೆ ಕಟ್ಟಲಿ, ಮರೆಯದೆ ರದ್ದು ಮಾಡಲಿ. ಎರಡನೇ ಸಲ ನಾನು ಕಾಗದ ತರಿಸಲಿಲ್ಲ, 3 ಪೌಂಡಿನ ಡಿಜಿಟಲ್ ಪ್ರತಿ ತೆಗೆದುಕೊಂಡೆ. ಅದರಲ್ಲಿ ಹುಡುಗನ ಅಪ್ಪನ ಕೆಲಸ ತಾಮ್ರದ ಗಣಿಗಾರ. ಜನನದ ವರದಿ ಕೊಟ್ಟವಳು ತಾಯಿ ಮೇರಿ, ಸಹಿಯ ಜಾಗದಲ್ಲಿ ಬರೀ ಒಂದು X ಗುರುತು.