ಸಿಮ್‌4ಲೈಫ್: 50 ಹರ್ಟ್ಸ್ ಲೆಕ್ಕದಲ್ಲಿ ಎಷ್ಟು ನಂಬಬಹುದು?

ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡುವವರ ಮೈಯೊಳಗೆ ಸುತ್ತಲಿನ 50 ಹರ್ಟ್ಸ್ (ಮನೆ ಕರೆಂಟಿನ ಆವರ್ತನ) ಕಾಂತಕ್ಷೇತ್ರದಿಂದ ಎಷ್ಟು ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ ಎಂದು ಮೀಟರ್ ಇಟ್ಟು ನೋಡಲಾಗದು, ಲೆಕ್ಕವೇ ಹಾಕಬೇಕು. ಆ ಕೆಲಸಕ್ಕೆ ಜ್ಯೂರಿಕ್‌ನ ಸಿಮ್‌4ಲೈಫ್ ತಂತ್ರಾಂಶವನ್ನು ಧೈರ್ಯವಾಗಿ ಕೊಳ್ಳಬಹುದು. ಅದರ ದೊಡ್ಡ ಬಲ ದೇಹಮಾದರಿಗಳು: 34ರ ಡ್ಯೂಕ್, 26ರ ಎಲಾ, 11ರ ಹುಡುಗಿ ಬಿಲ್ಲಿ, 6ರ ಹುಡುಗ ಥೆಲೋನಿಯಸ್. ಎಲ್ಲವೂ ನಿಜವಾದ ವ್ಯಕ್ತಿಗಳ ಎಂಆರ್‌ಐ ಚಿತ್ರಗಳಿಂದ ಕಟ್ಟಿದವು.

ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಭಾಗ, ಹಗುರ. 50 ಹರ್ಟ್ಸ್‌ನಲ್ಲಿ ದೇಹ ಹೊರಗಿನ ಕಾಂತಕ್ಷೇತ್ರವನ್ನು ಕದಲಿಸುವುದಿಲ್ಲ. ಹಾಗಾಗಿ ಗಾಳಿಯನ್ನು ಬಿಟ್ಟು ದೇಹದೊಳಗಿನ ವಿಭವವನ್ನಷ್ಟೇ ಬಿಡಿಸಿದರೆ ಸಾಕು. 2 ಮಿ.ಮೀ. ಗ್ರಿಡ್‌ನಲ್ಲಿ ಡ್ಯೂಕ್‌ಗೆ ಸುಮಾರು 90 ಲಕ್ಷ ವೋಕ್ಸೆಲ್ (ಗ್ರಿಡ್‌ನ ಪುಟ್ಟ ಘನ), 1 ಮಿ.ಮೀ.ಗೆ ಇಳಿಸಿದರೆ ಎಂಟು ಪಟ್ಟು. ತಲೆಯೊಂದನ್ನೇ ಕತ್ತರಿಸಿ ಓಡಿಸಬೇಡಿ, ಪ್ರವಾಹ ಸುತ್ತುವ ದಾರಿಯೇ ಬದಲಾಗುತ್ತದೆ. ಇಡೀ ದೇಹ ಇಟ್ಟುಕೊಂಡು ತಲೆಯ ಭಾಗದಲ್ಲಿ ಮಾತ್ರ ಗ್ರಿಡ್ ಸಣ್ಣದು ಮಾಡಿ.

ಮೊದಲ ಓಟ ಡ್ಯೂಕ್‌ನದ್ದಲ್ಲ, ಒಂದು ಗೋಳದ್ದು. ತ್ರಿಜ್ಯ 10 ಸೆಂ.ಮೀ., ಒಂದೇ ವಾಹಕತೆ, 200 ಮೈಕ್ರೋಟೆಸ್ಲಾ ಏಕರೂಪ ಕ್ಷೇತ್ರ. ಅಂಚಿನಲ್ಲಿ ಮೀಟರಿಗೆ 3.14 ಮಿಲಿವೋಲ್ಟ್ ಬರಬೇಕು. ಗರಿಷ್ಠ ಮೌಲ್ಯ ಅದಕ್ಕಿಂತ ಮೇಲೆ ಹಾರುವುದು ಖಚಿತ, ಏಕೆಂದರೆ ವೋಕ್ಸೆಲ್ ಮೆಟ್ಟಿಲುಗಳ ಮೂಲೆಯಲ್ಲಿ ಕ್ಷೇತ್ರ ಚುಚ್ಚಿಕೊಂಡು ನಿಲ್ಲುತ್ತದೆ. ಗ್ರಿಡ್ ಸಣ್ಣದಾದರೂ ಆ ಮುಳ್ಳು ಹೋಗದು. 99ನೇ ಶೇಕಡಾ ಮೌಲ್ಯ (ನೂರಕ್ಕೆ 99 ವೋಕ್ಸೆಲ್‌ಗಳು ಮೀರದ ಅಂಕಿ) 3.07ರ ಆಸುಪಾಸು ಇದ್ದರೆ ಮುಂದುವರಿಯಿರಿ. ಇಂಥ ಕ್ಷೇತ್ರಗಳಿಗೆ ಸುರಕ್ಷತಾ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿಯ 2010ರ ಮಾರ್ಗಸೂಚಿ 2 ಮಿ.ಮೀ. ಘನದ ಸರಾಸರಿಯ ಮೇಲೆ 99ನೇ ಶೇಕಡಾವನ್ನು ಕೇಳುವುದೂ ಇದೇ ತೊಂದರೆಗಾಗಿ.

ನಿಜವಾದ ತಲೆನೋವು ಚರ್ಮ. ಅಂಗಾಂಶಗಳ ವಿದ್ಯುತ್ ಗುಣಗಳನ್ನು ಕೊಡುವ ಗೇಬ್ರಿಯಲ್ ಪಟ್ಟಿಯಲ್ಲಿ ಒಣ ಚರ್ಮದ ವಾಹಕತೆ 50 ಹರ್ಟ್ಸ್‌ನಲ್ಲಿ ಮೀಟರಿಗೆ 0.0002 ಸೀಮೆನ್ಸ್. ಅದು ಮೇಲಿನ ಸತ್ತ ಪದರದ ಗುಣ. ಆ ಪದರ ದೇಹದ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ನೂರರಲ್ಲೊಂದೆರಡು ಭಾಗದಷ್ಟೇ ದಪ್ಪ. ಆ ವಾಹಕತೆಯನ್ನು 2 ಮಿ.ಮೀ. ದಪ್ಪ ಚರ್ಮಕ್ಕೆಲ್ಲ ಹಚ್ಚಿದರೆ ಚರ್ಮದಲ್ಲಿ ಬರುವ ಅಂಕಿಗೆ ಅರ್ಥವಿಲ್ಲ. 0.1 ಇಟ್ಟು ಇನ್ನೊಮ್ಮೆ ಓಡಿಸಿ, ವರದಿಯಲ್ಲಿ ಎರಡನ್ನೂ ಬರೆಯಿರಿ. ಬೆರಳುಗಳ ನಡುವೆ, ತೊಡೆಗಳ ನಡುವೆ ಚರ್ಮಕ್ಕೆ ಚರ್ಮ ತಾಗಿದ್ದರೆ ಅಲ್ಲಿ ಸುಳ್ಳು ಪ್ರವಾಹದ ಸುತ್ತು ಹುಟ್ಟುತ್ತದೆ. ಭಂಗಿ ಬದಲಿಸಿ ಒಂದು ವೋಕ್ಸೆಲ್‌ನಷ್ಟಾದರೂ ಸಂದು ಬಿಡಿ.

ಮಿದುಳಿನ ಅಂಕಿ ಹೆಚ್ಚು ನಂಬಿಕೆಗೆ ಯೋಗ್ಯ. ಏಕರೂಪ 50 ಹರ್ಟ್ಸ್ ಕ್ಷೇತ್ರಕ್ಕೆ ಐಸಿಎನ್‌ಐಆರ್‌ಪಿ ಕೊಡುವ ವ್ಯಾಪ್ತಿ, ಪ್ರತಿ ಮಿಲಿಟೆಸ್ಲಾಗೆ ಮೀಟರಿಗೆ 23ರಿಂದ 33 ಮಿಲಿವೋಲ್ಟ್. ಅಂದರೆ 200 ಮೈಕ್ರೋಟೆಸ್ಲಾಗೆ ಹೆಚ್ಚೆಂದರೆ 6.6, ಸಾರ್ವಜನಿಕರ ಮಿತಿ 20. ನಿಮಗೆ 9.3 ಬಂದರೆ, ತರಂಗದ ಶಿಖರ ಮೌಲ್ಯವನ್ನು ಆರ್‌ಎಂಎಸ್ (ಅದರ ಪರಿಣಾಮಕಾರಿ ಸರಾಸರಿ) ಎಂದು ಓದಿರಬಹುದು, ಮೊದಲು ಅದನ್ನು ನೋಡಿ.

ಕೈ ಪಕ್ಕದಲ್ಲೇ ಕೇಬಲ್ ಇದ್ದಾಗ ಮಾತ್ರ 99ನೇ ಶೇಕಡಾವನ್ನು ಕಣ್ಣುಮುಚ್ಚಿ ಒಪ್ಪಬಾರದು. ಸ್ನಾಯು 28 ಕಿಲೋ ಇದ್ದರೆ ಬಿಟ್ಟುಹೋಗುವ ಒಂದು ಶೇಕಡಾ 280 ಗ್ರಾಂ; ಮುಂಗೈಯಲ್ಲಿ ಕ್ಷೇತ್ರ ತೀರ ಹೆಚ್ಚಿರುವ ಜಾಗ ಪೂರ್ತಿ ಅದರೊಳಗೇ ಮಾಯವಾಗುತ್ತದೆ. ಅಲ್ಲಿ ಕೈಯನ್ನೇ ಬೇರೆ ಪ್ರದೇಶವಾಗಿ ಗುರುತಿಸಿ ಶೇಕಡಾ ತೆಗೆಯಿರಿ.

ಜಾಗದಲ್ಲಿ ಅಳೆದ ಕ್ಷೇತ್ರ ಎಲ್ಲೆಡೆ 200 ಮೈಕ್ರೋಟೆಸ್ಲಾಗಿಂತ ಕಡಿಮೆ ಇದ್ದರೆ ಈ ಲೈಸೆನ್ಸ್‌ಗೆ ದುಡ್ಡು ಸುರಿಯಬೇಡಿ, ಮಾಪನಾಂಕ ಸರಿಯಿರುವ ಮೀಟರ್ ಸಾಕು.