ತೇಲುವ ಗಿಡದ ತೆಪ್ಪ: ಕೆಲಸ ಮಾಡುತ್ತೆ, ಪ್ಯಾಕೆಟ್ ಮಾತು ಅರ್ಧ ಕತೆ

ನೈಟ್ರೇಟ್ (ನೀರಲ್ಲಿ ಕರಗಿರುವ, ಸಾರಜನಕ ಸೇರಿದ ಲವಣ) ಜಾಸ್ತಿ ಇರುವ ಕೆರೆ, ಕೊಳಗಳಲ್ಲಿ ತೇಲಿಬಿಡಲು ಮಾರುವ ಗಿಡದ ತೆಪ್ಪ ಇದು. "ಗಿಡಗಳು ನೈಟ್ರೇಟ್ ಹೀರುತ್ತವೆ" ಅಂತ ಪ್ಯಾಕೆಟ್ ಮೇಲಿದೆ. ನಿಜ, ಆದರೆ ಅಷ್ಟೇ ಅಲ್ಲ. ನೀರಿಗಿಳಿದ ಬೇರುಗಳ ಮೇಲೆ ಲೋಳೆಯ ಪದರ ಕಟ್ಟುತ್ತದಲ್ಲ, ಅದರೊಳಗೆ ಮತ್ತು ತಳದ ಕೆಸರಲ್ಲಿ, ಆಮ್ಲಜನಕ ಸಿಗದ ಕಡೆ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿಕೊಂಡು, ಕೊನೆಗೆ ಅದನ್ನು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಗಾಳಿಯಲ್ಲಿ ಹೇಗೂ ಸುಮಾರು 78% ಅದೇ ಇದೆ, ತೊಂದರೆ ಇಲ್ಲ. (ಕೆಲಸ ಅರ್ಧಕ್ಕೆ ನಿಂತರೆ ನೈಟ್ರಸ್ ಆಕ್ಸೈಡ್ ಬರುತ್ತದೆ, ಅದು ಭೂಮಿ ಬಿಸಿ ಮಾಡುವ ಅನಿಲ. ಪ್ಯಾಕೆಟ್‌ನಲ್ಲಿ ಅದರ ಸುದ್ದಿಯೇ ಇಲ್ಲ!)

ಜೊಂಡು ಚೆನ್ನಾಗಿ ಬೇರು ಹಿಡಿಯಿತು, ಚೌಕಟ್ಟು ಗಟ್ಟಿಯಾಗಿದೆ. ಬೆಳೆದದ್ದನ್ನು ಮಾತ್ರ ಆಗಾಗ ಕತ್ತರಿಸಿ ದಡಕ್ಕೆ ಹಾಕಬೇಕು. ಸುಮ್ನೆ ಬಿಟ್ಟರೆ ಕೊಳೆತು, ಹೀರಿದ್ದೆಲ್ಲ ವಾಪಸ್ ನೀರಿಗೇ ಅಲ್ವಾ? ಚಳಿ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಕೆಲಸವೂ ನಿಧಾನ.

ಜೊತೆಗೆ ಕೊಡುವ ಗಾಳಿ ಪಂಪ್ ಯಾಕೋ ಗೊತ್ತಾಗಲಿಲ್ಲ. ಮೀನಿಗೆ ಒಳ್ಳೆಯದು, ಸರಿ. ಆದರೆ ಆಮ್ಲಜನಕ ಸಿಕ್ಕರೆ ಈ ಬ್ಯಾಕ್ಟೀರಿಯಾಗಳು ನೈಟ್ರೇಟ್ ಕಡೆ ತಿರುಗಿಯೂ ನೋಡಲ್ಲ.

ರಭಸವಾಗಿ ಹರಿಯುವ ಹೊಳೆಗೆ ತಗೋಬೇಡಿ, ನೀರು ನಿಧಾನವಾಗಿ ಸಾಗುವ ಜಾಗಕ್ಕಾದರೆ ಸರಿ. 5ಕ್ಕೆ 3 ಸ್ಟಾರ್.